ಸಿಎಡಿ ಕೋಡ್‌ಗೆ ಯಾವುದನ್ನು ನಂಬಬೇಕು: ಚೀಟ್ ಶೀಟ್, ಎನ್‌ಕೋಡರ್, ಪುಸ್ತಕ

ಸಿಎಡಿ ಅಂದರೆ ಹೃದಯಕ್ಕೆ ರಕ್ತ ಒಯ್ಯುವ ಅಪಧಮನಿಗಳು ಕಿರಿದಾಗುವ ಕಾಯಿಲೆ. ಹೃದಯದ ಚಾರ್ಟ್‌ಗಳಿಗೆ ಐಸಿಡಿ-10-ಸಿಎಂ (ಅಮೆರಿಕದಲ್ಲಿ ಬಳಸುವ ರೋಗಗಳ ಕೋಡ್ ಪಟ್ಟಿ) ಕೋಡ್ ಹಾಕುವಾಗ ಈ ಮೂರನ್ನೂ ಬಳಸಿ ನೋಡಿದ್ದೇನೆ: ಪದೇ ಪದೇ ಬೇಕಾಗುವ ಕೋಡ್‌ಗಳ ಹಾಳೆಯಾದ ಚೀಟ್ ಶೀಟ್, ಕೋಡ್ ಹುಡುಕುವ ಸಾಫ್ಟ್‌ವೇರ್ ಆದ ಎನ್‌ಕೋಡರ್, ಮತ್ತು ಕೋಡ್ ಪುಸ್ತಕ. ವ್ಯತ್ಯಾಸ ಎದ್ದು ಕಾಣುವುದು ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆ ನೋವು) ಬಂದಾಗಲೇ.

ಒಂದು ನೋಟ್ ತೆಗೆದುಕೊಳ್ಳೋಣ: ‘ಸಿಎಡಿ. ಮೆಟ್ಟಿಲು ಹತ್ತಿದರೆ ಆಂಜೈನಾ. ಹಿಂದೆ ಸ್ಟೆಂಟ್ ಹಾಕಿದೆ.’

ಚೀಟ್ ಶೀಟ್‌ನಲ್ಲಿ ಸಿಎಡಿ ಎದುರು ಐ25.10, ಆಂಜೈನಾ ಎದುರು ಐ20.9 ಇರುತ್ತದೆ. ಎರಡನ್ನೂ ಹಾಕಿದರೆ ತಪ್ಪು. ಐ25.10 ಅಂದರೆ ಆಂಜೈನಾ ಇಲ್ಲದ ಸಿಎಡಿ. ಆಂಜೈನಾ ಇದ್ದರೆ ಎರಡೂ ಸೇರಿದ ಒಂದೇ ಕೋಡ್ ಬೇಕು. ಶ್ರಮಪಟ್ಟಾಗ ಬರುವ ಆಂಜೈನಾಗೆ ಅದು ಐ25.118. ಅನ್‌ಸ್ಟೇಬಲ್ (ವಿಶ್ರಾಂತಿಯಲ್ಲೂ ಬರುವ ಅಥವಾ ಹೆಚ್ಚುತ್ತಾ ಹೋಗುವ) ಆದರೆ ಐ25.110. ಯಾವ ಬಗೆ ಅಂತ ಬರೆದಿಲ್ಲದಿದ್ದರೆ ಐ25.119. ಇನ್ನೊಂದು ತೊಂದರೆ, ಈ ಹಾಳೆ ಬೇಗ ಹಳೆಯದಾಗುತ್ತದೆ. ರಿಫ್ರ್ಯಾಕ್ಟರಿ (ಚಿಕಿತ್ಸೆಗೆ ಬಗ್ಗದ) ಆಂಜೈನಾದ ಐ25.112 ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲಿನ ಹಾಳೆಯಲ್ಲಿ ಅದು ಸಿಗುವುದೇ ಇಲ್ಲ.

ಎನ್‌ಕೋಡರ್ ವೇಗವಾಗಿದೆ, ಆದರೆ ನಾವು ಟೈಪ್ ಮಾಡಿದ್ದನ್ನಷ್ಟೇ ಹುಡುಕುತ್ತದೆ. ಸುಮ್ನೆ ‘ಸಿಎಡಿ’ ಅಂತ ಹೊಡೆದರೆ ಐ25.10ಕ್ಕೇ ಕರೆದೊಯ್ಯುತ್ತದೆ.

ಪುಸ್ತಕದ ಇಂಡೆಕ್ಸ್ ನಿಧಾನ, ನಿಜ. ಆದರೆ ‘ಆಂಜೈನಾ’ ಕಡೆಯಿಂದ ಹೋದರೂ ಅಪಧಮನಿ ಕಾಯಿಲೆ ಇದ್ದರೆ ಅದರ ಸಾಲಿಗೇ ಕಳಿಸುತ್ತದೆ. ಅಲ್ಲಿಂದ ಟ್ಯಾಬ್ಯುಲರ್‌ಗೆ (ಕೋಡ್‌ಗಳ ಕ್ರಮದಲ್ಲಿರುವ ಪಟ್ಟಿಗೆ) ಹೋಗಿ ಕೋಡ್‌ನ ಪೂರ್ತಿ ಹೆಸರು ಓದಿದರೆ ಗೊಂದಲ ಉಳಿಯುವುದಿಲ್ಲ. ‘ಸಿಎಡಿಯಿಂದಲೇ ಆಂಜೈನಾ’ ಅಂತ ಡಾಕ್ಟರ್ ಬಿಡಿಸಿ ಬರೆಯಬೇಕಿಲ್ಲ. ಬೇರೆ ಕಾರಣ ಹೇಳದಿದ್ದರೆ ಎರಡಕ್ಕೂ ಸಂಬಂಧ ಇದೆ ಅಂತಲೇ ನಿಯಮ ಹೇಳುತ್ತದೆ. ಹಾಗಂತ ಬರೀ ‘ಎದೆ ನೋವು’ ಅಂತ ಇದ್ದರೆ ಅದನ್ನು ಆಂಜೈನಾ ಅಂತ ತಿಳಿಯಬಾರದು. ಔಷಧದ ಪಟ್ಟಿಯಲ್ಲಿ ಆಂಜೈನಾಗೆ ಕೊಡುವ ನೈಟ್ರೋಗ್ಲಿಸರಿನ್ ಕಂಡರೂ ಅಷ್ಟೇ.

ಹಾಗಾಗಿ ಸಿಎಡಿಗೆ ನನ್ನ ಆಯ್ಕೆ ಮೊದಲು ಪುಸ್ತಕ, ಆಮೇಲೆ ಎನ್‌ಕೋಡರ್. ಸೂಚನೆಗಳನ್ನು ನೆನಪಿಸುವುದರಲ್ಲಿ ಎನ್‌ಕೋಡರ್ ಗಟ್ಟಿ. ಬಹುಕಾಲದಿಂದ ಪೂರ್ತಿ ಮುಚ್ಚಿಹೋದ ರಕ್ತನಾಳದ ಐ25.82 ಹಾಕಿದರೆ, ಮೊದಲು ಸಿಎಡಿ ಕೋಡ್ ಬರಬೇಕು ಅಂತ ಅಲ್ಲೇ ತೋರಿಸುತ್ತದೆ. ಚೀಟ್ ಶೀಟ್ ಸ್ಟೆಂಟ್‌ನ ಝಡ್95.5, ಬೈಪಾಸ್‌ನ ಝಡ್95.1 ತರಹದ್ದಕ್ಕೆ ಸಾಕು.

ಬೈಪಾಸ್ ಆದವರ ಚಾರ್ಟ್‌ನಲ್ಲಿ ಮಾತ್ರ ಮೂರೂ ಕೈಕೊಡಬಹುದು. ಕಾಯಿಲೆ ಇರುವುದು ಹೃದಯದ ಸ್ವಂತ ರಕ್ತನಾಳದಲ್ಲೋ ಗ್ರಾಫ್ಟ್‌ನಲ್ಲೋ (ಬೈಪಾಸ್‌ನಲ್ಲಿ ಜೋಡಿಸಿದ ನಾಳದಲ್ಲೋ)? ಗ್ರಾಫ್ಟ್ ಆಗಿದ್ದು ಆಂಜೈನಾ ಇದ್ದರೆ ಐ25.7ರ ಗುಂಪಿಗೆ ಹೋಗಬೇಕು, ಕಾಲಿನಿಂದ ತೆಗೆದ ಸಿರೆಯಾದರೆ ಐ25.71. ನೋಟ್‌ನಲ್ಲಿ ಅದು ಸ್ಪಷ್ಟವಾಗಿಲ್ಲದಿದ್ದರೆ ಊಹೆ ಮಾಡಬೇಡಿ, ಡಾಕ್ಟರ್‌ಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಿ.