ನೋಡಿದರೆ ಸುಮ್ಮನಾಗುವ ಕಳ್ಳ: ಅಡಗಿದ ಮೈನರ್ ಹಿಡಿಯಲು ಯಾವ ಟೂಲ್ ವಾಸಿ?

ಲ್ಯಾಪ್‌ಟಾಪ್ ತೆರೆದಿಟ್ಟು ಎದ್ದು ಹೋದರೆ ಹತ್ತೇ ನಿಮಿಷಕ್ಕೆ ಫ್ಯಾನ್ ಬೊಬ್ಬೆ ಹೊಡೆಯುತ್ತಿತ್ತು. ಓಡಿ ಬಂದು ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಬರೀ ಶೇ. 4. ಮೇಷ್ಟ್ರು ಒಳಗೆ ಬಂದ ಕೂಡಲೇ ತರಗತಿ ಸುಮ್ಮನಾದ ಹಾಗೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡವನು ನಾನೇ, ಹಾಗಾಗಿ ಬೈಯಲು ಬೇರೆ ಯಾರೂ ಸಿಗಲಿಲ್ಲ. ಪಾಸ್‌ವರ್ಡ್ ಬೇಕಾಗುವ ಕೆಲಸಗಳನ್ನೆಲ್ಲ ಬೇರೆ ಕಂಪ್ಯೂಟರಿಗೆ ಸಾಗಿಸಿ, ಈ ಮೈನರನ್ನು (ನಮ್ಮ ಕಂಪ್ಯೂಟರಿನ ಶಕ್ತಿ ಕದ್ದು ಬೇರೆ ಯಾರಿಗೋ ಕ್ರಿಪ್ಟೋ ನಾಣ್ಯ ಗಳಿಸಿಕೊಡುವ ಮಾಲ್‌ವೇರ್) ಯಾವ ಟೂಲ್ ಹಿಡಿಯುತ್ತದೆ ನೋಡೇಬಿಡೋಣ ಎಂದು ಕೂತೆ.

ಟಾಸ್ಕ್ ಮ್ಯಾನೇಜರ್ ಮೊದಲ ಸುತ್ತಿನಲ್ಲೇ ಸೋತಿತು. ಈ ಜಾತಿಯ ಮಾಲ್‌ವೇರ್, ಓಡುತ್ತಿರುವ ಪ್ರೊಸೆಸ್‌ಗಳ ಹೆಸರು ನೋಡುತ್ತಲೇ ಇರುತ್ತದೆ. ತನ್ನನ್ನು ಹುಡುಕುವ ಟೂಲ್ ಕಂಡರೆ ಕೆಲಸ ನಿಲ್ಲಿಸುತ್ತದೆ. ಹಾಗೆಂದು ಫ್ಯಾನ್ ತಣ್ಣಗಾದದ್ದೇ ಸಾಕ್ಷಿಯಲ್ಲ. ವಿಂಡೋಸ್ ಕೂಡ ನಾವಿಲ್ಲದಾಗ ಇಂಡೆಕ್ಸಿಂಗ್ (ಫೈಲ್‌ಗಳನ್ನು ಬೇಗ ಹುಡುಕಲು ಪಟ್ಟಿ ಮಾಡಿಕೊಳ್ಳುವ ಕೆಲಸ) ನಡೆಸಿ, ಬಂದಾಗ ನಿಲ್ಲಿಸುತ್ತದೆ.

ಆಂಟಿವೈರಸ್‌ನ ಪೂರ್ತಿ ಸ್ಕ್ಯಾನ್ ಏನೂ ಇಲ್ಲ ಎಂದಿತು. ಸೆಟ್ಟಿಂಗ್ಸ್ ಕೆದಕಿದಾಗ, ಸ್ಕ್ಯಾನ್‌ನಿಂದ ಹೊರಗಿಡುವ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ನಾನು ಸೇರಿಸದ ಒಂದು ಫೋಲ್ಡರ್ ಕೂತಿತ್ತು. ಅದನ್ನು ತೆಗೆದು ಆ ಫೋಲ್ಡರನ್ನಷ್ಟೇ ಸ್ಕ್ಯಾನ್ ಮಾಡಿದರೆ ಎರಡು ನಿಮಿಷದಲ್ಲಿ ಎಚ್ಚರಿಕೆ ಬಂತು. ಆಂಟಿವೈರಸ್ ಕುರುಡಲ್ಲ, ಯಾರೋ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಅಳಿಸಬೇಡ ಎಂದು ಹೇಳಿ ಮುಂದೆ ಹೋದೆ.

ಪ್ಲಗ್ಗಿಗೆ ಹಾಕುವ ವಾಟ್ ಮೀಟರ್ ಮಾತ್ರ ಯಾರ ಮುಲಾಜಿಗೂ ಬೀಳಲಿಲ್ಲ: ಸುಮ್ಮನಿದ್ದಾಗ 9 ವಾಟ್, ನಾನು ಎದ್ದು ಹೋದ ಮೇಲೆ 37. ಬ್ಯಾಟರಿ ಪೂರ್ತಿ ತುಂಬಿರಬೇಕು, ಇಲ್ಲದಿದ್ದರೆ ಚಾರ್ಜಿಂಗ್ ಲೆಕ್ಕವೂ ಸೇರಿಬಿಡುತ್ತದೆ. ಆದರೆ ಕಳ್ಳತನ ನಡೆದಿದೆ ಎನ್ನುತ್ತದೆಯೇ ಹೊರತು ಕಳ್ಳನ ಹೆಸರು ಹೇಳುವುದಿಲ್ಲ.

ಹೆಸರಿಗಾಗಿ, ಓಡುತ್ತಿರುವ ಪ್ರತಿ ಪ್ರೊಸೆಸ್‌ನ ವಿವರ ತೋರಿಸುವ ಪ್ರೊಸೆಸ್ ಎಕ್ಸ್‌ಪ್ಲೋರರ್ ಎಂಬ ಟೂಲ್ ತಂದೆ. ಅದನ್ನು ಕಂಡರೂ ಮೈನರ್ ಮೌನ. ಟೂಲ್‌ನ ಫೈಲಿಗೆ ಬೇರೆ ಹೆಸರಿಟ್ಟೆ, ಆದರೂ ಮೌನ. 64 ಬಿಟ್ ವಿಂಡೋಸ್‌ನಲ್ಲಿ ಆ ಟೂಲ್ ತನ್ನ ಒಳಗಿನಿಂದ ಇನ್ನೊಂದು ಫೈಲನ್ನು ಹೊರತೆಗೆದು ಹಳೆಯ ಹೆಸರಲ್ಲೇ ಓಡಿಸುತ್ತದೆ ಎಂದು ಆಮೇಲೆ ಹೊಳೆಯಿತು. 64 ಬಿಟ್ ಫೈಲಿನ ಹೆಸರನ್ನೇ ಬದಲಿಸಿ, ತೆರೆದಿಟ್ಟು ಹೊರಗೆ ಹೋಗಿ ಬಂದಾಗ ಗ್ರಾಫ್‌ನಲ್ಲಿ ಕಾನ್‌ಹೋಸ್ಟ್ ಎಂಬ ಪ್ರೊಸೆಸ್ ಗುಡ್ಡದಂತೆ ಎದ್ದಿತ್ತು. ಫೈಲ್ ಅಸಲಿ ಎನ್ನುವ ಡಿಜಿಟಲ್ ಸಹಿ ಸರಿ, ಹಲವು ಆಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್‌ ತಾಣದಲ್ಲಿ ಸೊನ್ನೆ ದೂರು. ಡಿಸ್ಕ್‌ನಲ್ಲಿರುವ ಫೈಲ್ ವಿಂಡೋಸ್‌ನದೇ. ಮೆಮೊರಿಯಲ್ಲಿ ಅದರ ಹೊಟ್ಟೆಯೊಳಗೆ ಬೇರೆ ಕೋಡ್ ತುಂಬಿದ್ದರು. ಆ ಸಹಿ ನಂಬಿದ್ದರೆ ಅಲ್ಲೇ ಮೋಸ ಹೋಗುತ್ತಿದ್ದೆ.

ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸಿಪಿಯು ಸೊನ್ನೆಗೆ ಇಳಿದಾಗಲೂ ಆ ಕಾನ್‌ಹೋಸ್ಟ್ 2 ಜಿಬಿಗೂ ಹೆಚ್ಚು ಮೆಮೊರಿ ಹಿಡಿದು ಕೂತಿತ್ತು. ಇಂಥ ಮೈನರ್‌ಗಳ ಮೆಚ್ಚಿನ ಮೊನೆರೊ ಎಂಬ ಕ್ರಿಪ್ಟೋ ನಾಣ್ಯ 2019ರ ನವೆಂಬರ್‌ನಿಂದ ಬಳಸುವ ರ‍್ಯಾಂಡಮ್‌ಎಕ್ಸ್ ಎಂಬ ಮೈನಿಂಗ್ ಲೆಕ್ಕದ ವಿಧಾನಕ್ಕೆ ವೇಗವಾಗಿ ಓಡಲು ಸುಮಾರು 2 ಜಿಬಿಯ ದತ್ತಾಂಶ ಮೆಮೊರಿಯಲ್ಲೇ ಬೇಕು. ಲೆಕ್ಕ ನಿಲ್ಲಿಸುವುದು ಕ್ಷಣದ ಕೆಲಸ, ಆದರೆ ಆ ರಾಶಿ ಎಸೆದರೆ ಮತ್ತೆ ಕಟ್ಟಬೇಕು. ಅಂದರೆ ನಾನು ಹೀಗಳೆದ ಟಾಸ್ಕ್ ಮ್ಯಾನೇಜರ್‌ನಲ್ಲೇ, ಸಿಪಿಯು ಬಿಟ್ಟು ಮೆಮೊರಿ ಕಾಲಮ್ ಮೇಲೆ ಕ್ಲಿಕ್ ಮಾಡಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು!

ಯಾವ ಪ್ರೊಸೆಸ್ ಎಲ್ಲಿಗೆ ಸಂಪರ್ಕದಲ್ಲಿದೆ ಎಂದು ತೋರಿಸುವ ಟಿಸಿಪಿವ್ಯೂ ಕೂಡ ಅದನ್ನೇ ಹೇಳಿತು. ಮೈನರ್ ಸುಮ್ಮನಿದ್ದರೂ ಪೂಲ್‌ನ (ಮೈನರ್‌ಗಳಿಗೆ ಕೆಲಸ ಹಂಚುವ ಸರ್ವರ್) ಸಂಪರ್ಕ ಬಿಡಲಿಲ್ಲ. ಮೈನರ್ ಹಿಡಿಯಲು 3333 ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) ಹುಡುಕಿ ಎಂಬುದು ಹಳೆಯ ಸಲಹೆ. ಇದು ಮಾಮೂಲಿ ವೆಬ್‌ಸೈಟಿನ ಹಾಗೆ 443ರಲ್ಲಿತ್ತು. ಕಮಾಂಡ್ ವಿಂಡೋ ನೋಡಿಕೊಳ್ಳುವ ಕಾನ್‌ಹೋಸ್ಟ್‌ಗೆ ಇಂಟರ್‌ನೆಟ್‌ನಲ್ಲಿ ಏನು ಕೆಲಸ?

ನನ್ನ ಮತ ಮೆಮೊರಿ ಕಾಲಮ್‌ಗೆ, ಜೊತೆಗೆ ಟಿಸಿಪಿವ್ಯೂಗೆ. ಬೇರು ಹುಡುಕಲು, ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ ಕೊಡುವ ಆಟೋರನ್ಸ್: ಶೆಡ್ಯೂಲ್ಡ್ ಟಾಸ್ಕ್‌ಗಳಲ್ಲಿ ಅಪ್‌ಡೇಟ್ ವೇಷದ ಒಂದು ಸಾಲು ಸಿಕ್ಕಿತು. ಅಳಿಸಿದೆ, ರೀಸ್ಟಾರ್ಟ್ ಮಾಡಿದೆ, ಮತ್ತೆ ಹಾಜರ್. ವಿಂಡೋಸನ್ನೇ ಹೊಸದಾಗಿ ಹಾಕಿದೆ. ಈಗ ಮೀಟರ್ 9ರಲ್ಲಿದೆ.