ನೃತ್ಯಕೂಟಗಳ ಪಟ್ಟಿ: ವಾಟ್ಸ್‌ಆ್ಯಪ್ ಗುಂಪು, ಸ್ಪ್ರೆಡ್‌ಶೀಟ್, ಹಂಚಿಕೊಂಡ ಕ್ಯಾಲೆಂಡರ್

ಅಮೆರಿಕದ ಕಾಂಟ್ರಾ, ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಕೇಲಿ, ಫ್ರಾನ್ಸ್‌ನ ಬ್ರಿಟನಿ ಪ್ರಾಂತ್ಯದ ಫೆಸ್ಟ್-ನೋಜ್ ಮೊದಲಾದ ಸಾಂಪ್ರದಾಯಿಕ ನೃತ್ಯಕೂಟಗಳು ಕುಳಿತು ನೋಡುವ ಪ್ರದರ್ಶನಗಳಲ್ಲ. ಬಂದವರೆಲ್ಲರೂ ಕುಣಿಯುವ ಕೂಟಗಳು. ಮುಂಗಡವಾಗಿ ಹೆಸರು ಬರೆಸುವ ಪದ್ಧತಿ ಬಹಳಷ್ಟು ಕಡೆ ಇಲ್ಲ, ಬಾಗಿಲಲ್ಲಿ ಹಣ ಕೊಟ್ಟು ಒಳಗೆ ಹೋಗುವುದೇ ರೂಢಿ. ಆದ್ದರಿಂದ ಕೂಟ ರದ್ದಾದಾಗ ಯಾರಿಗೆ ತಿಳಿಸಬೇಕೆಂಬುದು ಸಂಘಟಕರಿಗೇ ಗೊತ್ತಿರುವುದಿಲ್ಲ. ಯಾವ ಕೂಟ ಎಲ್ಲಿ, ಯಾವಾಗ ಎಂಬ ಪಟ್ಟಿ ಇಡುವ ನನ್ನಂಥವರ ಹೊಣೆ ಹೆಚ್ಚುವುದು ಇಲ್ಲಿಯೇ. ಮೂರು ವರ್ಷಗಳಲ್ಲಿ ನಾನು ಮೂರು ವಿಧಾನಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದ್ದೇನೆ. ಹೊಸ ಕೂಟವನ್ನು ಸೇರಿಸಲು ಮೂರೂ ಸಾಕು. ನಡೆಯದ ಕೂಟವನ್ನು ನಡೆಯುವುದಿಲ್ಲ ಎಂದು ಹೇಳುವುದರಲ್ಲಿ ಅವುಗಳ ನಡುವೆ ಅಜಗಜಾಂತರವಿದೆ.

ಮೊದಲಿಗೆ ಬಳಸಿದ್ದು ವಾಟ್ಸ್‌ಆ್ಯಪ್ ಗುಂಪು. ಸಂಘಟಕರು ಭಿತ್ತಿಪತ್ರದ ಚಿತ್ರ ಹಾಕುತ್ತಿದ್ದರು, ಉಳಿದವರು ಅದನ್ನು ಮುಂದಕ್ಕೆ ಕಳುಹಿಸುತ್ತಿದ್ದರು. ಸುದ್ದಿ ಮುಟ್ಟಿಸುವ ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಒಮ್ಮೆ ಹೊರಬಿದ್ದ ಚಿತ್ರವನ್ನು ತಿದ್ದಲಾಗದು, ಅದು ಯಾರ ಯಾರ ಕೈ ಸೇರಿದೆಯೆಂದು ತಿಳಿಯಲೂ ಆಗದು. ಒಮ್ಮೆ ‘ಶನಿವಾರ, ಮಾರ್ಚ್ 14’ ಎಂದು ಬರೆದಿದ್ದ, ಇಸವಿಯೇ ಇಲ್ಲದ ಭಿತ್ತಿಪತ್ರವೊಂದು ಗುಂಪಿಗೆ ಬಂತು. ವಾರ ಮತ್ತು ತಾರೀಖು ಹೊಂದುತ್ತವೆಯೇ ಎಂದು ನೋಡಿದರೆ 2015, 2020, 2026 ಈ ಮೂರೂ ವರ್ಷಗಳಿಗೆ ಅದು ಸರಿಹೊಂದುತ್ತಿತ್ತು. ಸಂಘಟಕರಿಗೆ ದೂರವಾಣಿ ಮಾಡಿ ಕೇಳಿದ ಮೇಲೆಯೇ ಅದು ಹಳೆಯದೆಂದು ಖಚಿತವಾಯಿತು. ಅಂದಿನಿಂದ, ಇಸವಿ ಮತ್ತು ವಾರ ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಸೂಚನೆಯನ್ನು ನಾನು ಪಟ್ಟಿಗೆ ಸೇರಿಸುವುದಿಲ್ಲ. ಅವೆರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ತಪ್ಪು ಆಗಲೇ ಕಣ್ಣಿಗೆ ಬೀಳುತ್ತದೆ.

ಸ್ಪ್ರೆಡ್‌ಶೀಟ್‌ನ ಬಗ್ಗೆ ಹೇಳಬೇಕಾದದ್ದು ಕಡಿಮೆ, ಏಕೆಂದರೆ ಅದು ಹೆಚ್ಚು ತೊಂದರೆ ಕೊಡಲಿಲ್ಲ. ಕುಣಿಯುವವರು ನಿಜವಾಗಿ ಕೇಳುವ ಪ್ರತಿಯೊಂದಕ್ಕೂ ಒಂದು ಕಾಲಂ ಮಾಡಬಹುದು: ಹೆಜ್ಜೆಗಳನ್ನು ಕೂಗಿ ಹೇಳುವ ಕಾಲರ್ ಯಾರು, ವಾದ್ಯವೃಂದ ಯಾವುದು, ಹೊಸಬರಿಗೆ ಪಾಠ ಎಷ್ಟು ಗಂಟೆಗೆ, ನೆಲ ಮರದ್ದೋ ಸಿಮೆಂಟಿನದೋ. ಕೊನೆಯ ಸಂಗತಿ ಕ್ಷುಲ್ಲಕವೆಂದು ಕಾಣಬಹುದು. ಗಟ್ಟಿ ನೆಲದ ಮೇಲೆ ಮೂರು ಗಂಟೆ ಕುಣಿದು ಮಂಡಿ ಹಿಡಿದುಕೊಂಡವರಿಗೆ ಅದೇ ಮುಖ್ಯ. ಕೊರತೆಯೆಂದರೆ, ಸ್ಪ್ರೆಡ್‌ಶೀಟ್ ಅನ್ನು ಓದುಗರೇ ತೆರೆದು ನೋಡಬೇಕು, ತಾನಾಗಿ ಅದು ಯಾರ ಫೋನಿಗೂ ಹೋಗುವುದಿಲ್ಲ.

ಆ ಕೊರತೆಯನ್ನು ನೀಗಿಸುವುದು ಹಂಚಿಕೊಂಡ ಕ್ಯಾಲೆಂಡರ್. 1998ರಲ್ಲಿ ರೂಪುಗೊಂಡು 2009ರಲ್ಲಿ ಪರಿಷ್ಕೃತವಾದ ಐಕ್ಯಾಲೆಂಡರ್ ಎಂಬ ಮಾದರಿಯನ್ನು ಇಂದಿನ ಪ್ರಮುಖ ಕ್ಯಾಲೆಂಡರ್ ತಂತ್ರಾಂಶಗಳೆಲ್ಲ ಓದಬಲ್ಲವು. ಒಮ್ಮೆ ಚಂದಾದಾರರಾದವರ ಕ್ಯಾಲೆಂಡರಿನಲ್ಲಿ ಕೂಟಗಳು ತಾವಾಗಿ ಬಂದು ಕೂರುತ್ತವೆ. ನನ್ನ ಕೆಲಸ ಮುಗಿಯಿತೆಂದೇ ಭಾವಿಸಿದ್ದೆ. ಆದರೆ ಮರುಕಳಿಸುವ ಕೂಟಗಳು ನನಗೆ ಬೇರೆಯದೇ ಪಾಠ ಕಲಿಸಿದವು. ಒಂದು ಕೂಟ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ನಡೆಯುತ್ತಿತ್ತು. ಸಹಾಯಕ್ಕೆ ನಿಂತವರೊಬ್ಬರು ಅದನ್ನು ‘ಎರಡು ವಾರಕ್ಕೊಮ್ಮೆ’ ಎಂದು ನಮೂದಿಸಿದರು. ಐದು ಶನಿವಾರಗಳ ತಿಂಗಳು ಬರುವವರೆಗೆ ಎರಡೂ ಒಂದೇ ಆಗಿ ಕಂಡವು. ಆ ತಿಂಗಳು ಕಳೆದದ್ದೇ ತಡ, ಎರಡನೆಯ ಶನಿವಾರದ ಕೂಟ ಪಟ್ಟಿಯಲ್ಲಿ ಮೊದಲನೆಯ ಶನಿವಾರಕ್ಕೆ ಸರಿದಿತ್ತು, ಮುಂದಿನವೂ ಅದರ ಹಿಂದೆಯೇ ಒಂದೊಂದು ವಾರ ಮೊದಲಿಗೆ ಸರಿದವು. ಐದು ಶನಿವಾರಗಳ ತಿಂಗಳುಗಳು ಪ್ರತಿ ವರ್ಷ ನಾಲ್ಕೋ ಐದೋ ಇದ್ದೇ ಇರುತ್ತವೆ. ಹಾಗಾಗಿ ಇದು ಎಂದೋ ಒಮ್ಮೆ ಆಗುವ ತಪ್ಪಲ್ಲ.

ಇದಕ್ಕಿಂತ ಗಂಭೀರವಾದದ್ದು ರದ್ದತಿಯ ಪ್ರಶ್ನೆ. ಸರಣಿಯಲ್ಲಿನ ಒಂದು ದಿನವನ್ನು ಅಳಿಸಿದರೆ ಕ್ಯಾಲೆಂಡರಿನಲ್ಲಿ ಆ ಜಾಗ ಖಾಲಿಯಾಗುತ್ತದೆ, ಅಷ್ಟೇ. ಪ್ರತಿ ತಿಂಗಳೂ ತಪ್ಪದೆ ಬರುವವರು ಖಾಲಿ ಜಾಗವನ್ನು ಗಮನಿಸುವುದೇ ಇಲ್ಲ, ಗಮನಿಸಿದರೂ ಪಟ್ಟಿ ಇಡುವವರು ಮರೆತಿರಬೇಕೆಂದುಕೊಂಡು ಹೊರಟುಬಿಡುತ್ತಾರೆ. ಹಾಗೆ ಅಳಿಸಿದ ಒಂದು ರಾತ್ರಿ, ಬೀಗ ಹಾಕಿದ ಸಭಾಂಗಣದ ಮುಂದೆ ನೃತ್ಯದ ಬೂಟುಗಳ ಚೀಲ ಹಿಡಿದು ಆರು ಜನ ನಿಂತಿದ್ದರೆಂದು ಮರುದಿನ ತಿಳಿದು ನನಗೆ ಬಹಳ ನೋವಾಯಿತು. ಐಕ್ಯಾಲೆಂಡರ್‌ನಲ್ಲಿ ‘ರದ್ದು’ ಎಂಬ ಸ್ಥಿತಿಯನ್ನು ನಮೂದಿಸಲು ಅವಕಾಶವಿದೆ. ಆದರೆ ಹಾಗೆ ನಮೂದಿಸಿದ ಕಾರ್ಯಕ್ರಮವನ್ನು ಕೆಲವು ತಂತ್ರಾಂಶಗಳು ಮರೆಮಾಡಿಬಿಡುತ್ತವೆ, ಪರಿಣಾಮ ಅಳಿಸಿದಂತೆಯೇ. ಆದ್ದರಿಂದ ಈಗ ನಾನು ನಮೂದನ್ನು ಹಾಗೆಯೇ ಉಳಿಸಿ, ಶೀರ್ಷಿಕೆಯ ಮೊದಲ ಪದವಾಗಿ ‘ರದ್ದು’ ಎಂದು ಬರೆಯುತ್ತೇನೆ. ಕಿರಿದಾದ ಫೋನ್ ಪರದೆಯಲ್ಲಿ ಶೀರ್ಷಿಕೆಯ ಉಳಿದ ಭಾಗ ಕತ್ತರಿಸಿಹೋದರೂ ಆ ಎರಡು ಅಕ್ಷರ ಕಾಣುತ್ತವೆ.

ಚಂದಾದಾರರ ತಂತ್ರಾಂಶ ಹೊಸ ಪ್ರತಿಯನ್ನು ಎಷ್ಟು ಗಂಟೆಗೊಮ್ಮೆ ತರಿಸಿಕೊಳ್ಳುತ್ತದೆ ಎಂಬುದು ಪಟ್ಟಿ ಇಡುವವರ ಹಿಡಿತದಲ್ಲಿಲ್ಲ. ಮಧ್ಯಾಹ್ನ ಮಾಡಿದ ತಿದ್ದುಪಡಿ ಅದೇ ಸಂಜೆಯ ಕೂಟಕ್ಕೆ ಹೊರಟವರನ್ನು ಮುಟ್ಟದೆಯೂ ಇರಬಹುದು. ವಾಟ್ಸ್‌ಆ್ಯಪ್ ಗುಂಪಿಗೆ ನಾನು ಮರಳಿದ್ದು ಈ ಒಂದು ಕಾರಣಕ್ಕೆ: ಅಲ್ಲೀಗ ಭಿತ್ತಿಪತ್ರಗಳಿಗೆ ಅವಕಾಶವಿಲ್ಲ, ಅದೇ ದಿನದ ರದ್ದತಿ ಮತ್ತು ಸ್ಥಳ ಬದಲಾವಣೆಯ ಸುದ್ದಿ ಮಾತ್ರ.

ಮೂರರಲ್ಲಿ ಒಂದನ್ನೇ ಆರಿಸಬೇಕಾದರೆ, ತೋರಿಕೆಗೆ ಬಡವಾದ ಸ್ಪ್ರೆಡ್‌ಶೀಟ್ ಅನ್ನೇ ಆರಿಸುತ್ತೇನೆ. ಕ್ಯಾಲೆಂಡರನ್ನು ಅದರಿಂದ ಸಿದ್ಧಪಡಿಸಬಹುದು; ಸಾಲುಗಳ ಮೇಲೆ ಕಣ್ಣಾಡಿಸಿದರೆ ತಪ್ಪುಗಳು ಬೇಗ ಸಿಗುತ್ತವೆ; ನಾನು ಕಾಯಿಲೆ ಬಿದ್ದರೆ ಬೇರೆ ಯಾರಾದರೂ ಏನನ್ನೂ ಕಲಿಯದೆ ಮುಂದುವರಿಸಬಲ್ಲರು. ‘ಸಂಘಟಕರನ್ನು ಕೊನೆಯದಾಗಿ ಕೇಳಿದ ದಿನಾಂಕ’ ಎಂಬ ಕಾಲಂ ಒಂದನ್ನು ಅದಕ್ಕೆ ಸೇರಿಸಿದ್ದೇನೆ. ಅಲ್ಲಿನ ದಿನಾಂಕ ಎರಡು ತಿಂಗಳಿಗಿಂತ ಹಳೆಯದಾದರೆ ಆ ಕೂಟದ ಮುಂದೆ ‘ಹೊರಡುವ ಮುನ್ನ ವಿಚಾರಿಸಿ’ ಎಂದು ಬರೆಯುತ್ತೇನೆ, ಮತ್ತು ಆ ವಾರವೇ ಸಂಘಟಕರಿಗೆ ದೂರವಾಣಿ ಮಾಡುತ್ತೇನೆ.