ಸೇತುವೆ ಬಂತು, ಪಟ್ಟ ಹೋಯಿತು: ಯುನೆಸ್ಕೊ ದಾಖಲೆ ಸೇವೆಯ ವಿಮರ್ಶೆ

ವಿಶ್ವ ಪರಂಪರೆಯ ತಾಣಗಳ ಕುರಿತ ಯುನೆಸ್ಕೊ ಜಾಲತಾಣವನ್ನು ಹೆಚ್ಚಿನವರು ಪ್ರವಾಸಕ್ಕೆ ಮುನ್ನ ಚಿತ್ರ ನೋಡಲಷ್ಟೇ ತೆರೆಯುತ್ತಾರೆ. ಅದರ ನಿಜವಾದ ಸರಕು ಇರುವುದು ಪ್ರತಿ ತಾಣಕ್ಕೂ ಮೀಸಲಾದ ದಾಖಲೆಗಳ ವಿಭಾಗದಲ್ಲಿ. ತಜ್ಞ ಸಂಸ್ಥೆಗಳ ಮೌಲ್ಯಮಾಪನ, ತಾಣಗಳನ್ನು ಪಟ್ಟಿಗೆ ಸೇರಿಸುವ ಮತ್ತು ತೆಗೆಯುವ ವಿಶ್ವ ಪರಂಪರೆ ಸಮಿತಿಯ ನಿರ್ಣಯಗಳು, ತಾಣದ ಸ್ಥಿತಿಗತಿಯ ವರದಿಗಳು ಅಲ್ಲಿ ಉಚಿತವಾಗಿ ಓದಲು ಸಿಗುತ್ತವೆ.

ಈ ಸೇವೆಯ ಮೌಲ್ಯ ತಿಳಿಯಬೇಕಾದರೆ ಜರ್ಮನಿಯ ಡ್ರೆಸ್ಡನ್ ಎಲ್ಬೆ ಕಣಿವೆಯ ಕಡತವನ್ನು ಬಿಡಿಸಿ ನೋಡಬೇಕು. 2004ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ಕಣಿವೆಯ ನಟ್ಟನಡುವೆ ನಾಲ್ಕು ಪಥದ ಸೇತುವೆ ಕಟ್ಟುವ ಯೋಜನೆಗೆ 2005ರ ಜನಮತಗಣನೆಯಲ್ಲಿ ಬಹುಮತ ದೊರೆಯಿತು. ಮರುವರ್ಷ ಕಣಿವೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು. ಸೇತುವೆಯ ಬದಲು ಸುರಂಗ ಮಾಡಿ ಎಂದು ಸಮಿತಿ ಒತ್ತಾಯಿಸಿತು. ಕಾಮಗಾರಿ ನಿಲ್ಲದಿದ್ದಾಗ 2009ರಲ್ಲಿ ಹೆಸರನ್ನೇ ತೆಗೆದುಹಾಕಿತು. ಸೇತುವೆ 2013ರಲ್ಲಿ ಸಂಚಾರಕ್ಕೆ ಮುಕ್ತವಾಯಿತು. ಊರಿನವರ ಮತ ಒಂದು ಕಡೆ, ದೇಶ ಜಗತ್ತಿಗೆ ಕೊಟ್ಟ ಮಾತು ಇನ್ನೊಂದು ಕಡೆ. ಈ ಜಗ್ಗಾಟವನ್ನು ಅಲ್ಲಿನ ನಿರ್ಣಯಗಳು ತೋರಿಸುವಷ್ಟು ಸ್ಪಷ್ಟವಾಗಿ ಯಾವ ಭಾಷಣವೂ ತೋರಿಸಲಾರದು.

ಕಲೋನ್ ಕೆಥಡ್ರಲ್‌ನ ಕಡತ ಇದಕ್ಕೆ ವಿರುದ್ಧವಾದ ಕಥೆ. ರೈನ್ ನದಿಯ ಆಚೆ ದಡದಲ್ಲಿ ಯೋಜಿಸಿದ್ದ ಗಗನಚುಂಬಿ ಕಟ್ಟಡಗಳಿಂದಾಗಿ 2004ರಲ್ಲಿ ಅಪಾಯದ ಪಟ್ಟಿ ಸೇರಿದ್ದ ಅದು, ನಗರಾಡಳಿತ ಯೋಜನೆಯಿಂದ ಹಿಂದೆ ಸರಿದ ಮೇಲೆ 2006ರಲ್ಲಿ ಹೊರಬಂತು. ಒಮಾನ್‌ನ ಅರೇಬಿಯನ್ ಓರಿಕ್ಸ್ (ಒಂದು ಬಗೆಯ ಹುಲ್ಲೆ) ಅಭಯಾರಣ್ಯದ ಕಡತ ಓದುವಾಗ ಮಾತ್ರ ಮನಸ್ಸು ಭಾರವಾಗುತ್ತದೆ. 1996ರಲ್ಲಿ 450ರಷ್ಟಿದ್ದ ಓರಿಕ್ಸ್‌ಗಳು 65ಕ್ಕೆ ಇಳಿದಿದ್ದವು. ಸರ್ಕಾರ ಅಭಯಾರಣ್ಯದ ಶೇ. 90ರಷ್ಟು ಭಾಗವನ್ನು ಕಡಿತಗೊಳಿಸಿತು. 2007ರಲ್ಲಿ ಅದು ಪಟ್ಟಿಯಿಂದ ಹೊರಬಿದ್ದ ಮೊದಲ ತಾಣವಾಯಿತು.

ಕೊರತೆಗಳೂ ಇವೆ. ನಿರ್ಣಯಗಳ ಭಾಷೆ ಒಣ ಸರ್ಕಾರಿ ಶೈಲಿಯದು. ‘ಕಳವಳ ವ್ಯಕ್ತಪಡಿಸುತ್ತದೆ’ ಎಂಬ ಮಾತನ್ನು ಎಷ್ಟು ಸಲ ಓದಬೇಕಾಗುತ್ತದೆಂದರೆ, ಕೊನೆಗೆ ಅದು ಕಳವಳವಾಗಿಯೇ ಕೇಳಿಸುವುದಿಲ್ಲ. ದಾಖಲೆಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿರುವುದರಿಂದ, ತಾಣದ ಪಕ್ಕದಲ್ಲೇ ಬದುಕುವ ಅನೇಕರಿಗೆ ತಮ್ಮ ನೆಲದ ಬಗ್ಗೆ ಬರೆದದ್ದು ಓದಲು ದಕ್ಕುವುದಿಲ್ಲ. ವರದಿ ಸಲ್ಲಿಸುವುದು ಆಯಾ ದೇಶದ ಸರ್ಕಾರವೇ ಆದ್ದರಿಂದ ಅದನ್ನು ತಜ್ಞರ ಮೌಲ್ಯಮಾಪನದ ಪಕ್ಕದಲ್ಲಿಟ್ಟೇ ಓದಬೇಕು.

ಹೀಗಿದ್ದರೂ ಪತ್ರಕರ್ತರಿಗೆ, ಯೋಜನಾ ಅಧಿಕಾರಿಗಳಿಗೆ, ಕಾಮಗಾರಿಯೊಂದನ್ನು ಪ್ರಶ್ನಿಸುವ ಅಥವಾ ಬೆಂಬಲಿಸುವ ಯಾರಿಗೇ ಆಗಲಿ ನಾನು ಈ ಸೇವೆಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಬಿಡುವಿಲ್ಲದವರು ವರದಿಗಳನ್ನು ಬದಿಗಿಟ್ಟು, ಒಂದು ತಾಣದ ನಿರ್ಣಯಗಳನ್ನಷ್ಟೇ ವರ್ಷಾನುಕ್ರಮದಲ್ಲಿ ಓದಿದರೂ ಸಾಕು.